ಬೆಂಕಿಕಡ್ಡಿ ವಾಸನೆಯ ಬಿಳಿ ಪುಡಿ

ಹಣ್ಣು ಅಗ್ಗವಾಗಿ ಸಿಗುವ ಕಾಲದಲ್ಲಿ ಅದನ್ನು ಸ್ಕ್ವಾಷ್, ಜಾಮ್, ಉಪ್ಪಿನಕಾಯಿ ಮಾಡಿ ವರ್ಷವಿಡೀ ಕೆಡದಂತೆ ಇಟ್ಟುಕೊಳ್ಳುವುದು ಹೇಗೆ ಎಂದು ಹೆಣ್ಣುಮಕ್ಕಳಿಗೆ ಹೇಳಿಕೊಡುವ ಕೆಲಸವನ್ನು ನಾನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಊರೂರಿಗೆ ಹೋಗಿ, ಶಾಲೆಯ ಕೊಠಡಿಯಲ್ಲೋ ಸಂಘದ ಕಟ್ಟಡದಲ್ಲೋ ಒಲೆ ಹೂಡಿಸಿ, ಎರಡು ಮೂರು ದಿನ ನಡೆಸುವ ತರಬೇತಿ ಅದು. ಒಂದು ಬೇಸಿಗೆಯಲ್ಲಿ ಇಂಥದೇ ತರಗತಿ. ಹೊರಗೆ ದೂಳು ಗಾಳಿ, ಹಾಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ನಿಂಬೆ ಸ್ಕ್ವಾಷ್ ತಯಾರಾಗಿ ತಣ್ಣಗಾಗಿತ್ತು. ಇನ್ನು ಅದಕ್ಕೆ ಕೆ.ಎಂ.ಎಸ್. ಪುಡಿ ಸೇರಿಸಬೇಕು. ಎಲ್ಲರೂ ಹತ್ತಿರ ಬಂದು ನೋಡಿ ಎಂದು ಕರೆದು ಡಬ್ಬಿಯ ಮುಚ್ಚಳ ತೆಗೆದೆ. ಘಾಟು ಬಂತು. ಒಂದಿಬ್ಬರು ಸೆರಗು ಮೂಗಿಗಿಟ್ಟುಕೊಂಡು ನಕ್ಕರು. ಮುಂದೆ ನಿಂತಿದ್ದ ಒಬ್ಬಾಕೆ ಮಾತ್ರ ನಗಲಿಲ್ಲ. ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. "ಮೇಡಂ, ಎದೆ ಹಿಡ್ಕೊಳ್ತಾ ಇದೆ" ಎಂದಳು. ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಿದೆವು. ಅವಳ ಕೈಚೀಲದಲ್ಲಿ ಉಬ್ಬಸದ ಪಂಪು ಇತ್ತು. ಅದನ್ನು ಎಳೆದುಕೊಂಡ ಮೇಲೆಯೂ ಉಸಿರು ಹದಕ್ಕೆ ಬರಲು ಕಾಲು ಗಂಟೆ ಹಿಡಿಯಿತು.

ಸುಧಾರಿಸಿಕೊಂಡ ಮೇಲೆ ಆಕೆ ಹೇಳಿದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಮದುವೆ ಮನೇಲಿ ಬಣ್ಣದ ಜ್ಯೂಸ್ ಕುಡಿದ್ರೂ ನಂಗೆ ಹಿಂಗೇ ಆಗುತ್ತೆ ಮೇಡಂ. ಉಬ್ಬಸ ಇಟ್ಕೊಂಡು ಐಸ್ ಹಾಕಿದ್ದು ಕುಡೀತೀಯ ಅಂತ ಮನೇಲಿ ಬೈತಾರೆ."

ಐಸಿನ ಮೇಲೆ ಹೊರಿಸಿದ ಆ ತಪ್ಪು ಬಹುಶಃ ಐಸಿನದಲ್ಲ. ನನ್ನ ಕೈಯಲ್ಲಿದ್ದ ಡಬ್ಬಿಯ ಪುಡಿಯದು. ಅಷ್ಟು ವರ್ಷ ನಾನು ಆ ಪುಡಿಯನ್ನು "ಏನೂ ಆಗಲ್ಲ, ಸರ್ಕಾರವೇ ಒಪ್ಪಿದೆ" ಎನ್ನುತ್ತ ತೂಗಿ ಕೊಟ್ಟಿದ್ದೆ. ಆ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಉಳಿದ ಅರ್ಧವನ್ನು ಈವತ್ತು ಹೇಳಬೇಕೆಂದು ನಿಮ್ಮ ಮುಂದೆ ಬಂದಿದ್ದೇನೆ.

ಕೆ.ಎಂ.ಎಸ್. ಎಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಹೆಸರು ಉದ್ದ, ವಿಷಯ ಸರಳ. ಗಂಧಕವನ್ನು ಸುಟ್ಟರೆ ಸಲ್ಫರ್ ಡೈ ಆಕ್ಸೈಡ್ ಎಂಬ ಅನಿಲ ಬರುತ್ತದೆ. ಬೆಂಕಿಕಡ್ಡಿ ಗೀರಿದ ಕೂಡಲೇ ಮೂಗಿಗೆ ಚುಚ್ಚುವ ವಾಸನೆ ಅದರದು. ದೀಪಾವಳಿಯ ರಾತ್ರಿ ಬೀದಿಯಲ್ಲಿ ಕಟ್ಟಿಕೊಳ್ಳುವ ಪಟಾಕಿ ಹೊಗೆಯ ಘಾಟಿನಲ್ಲೂ ಅದರ ಪಾಲು ದೊಡ್ಡದು. ಆ ಅನಿಲವನ್ನು ಉಪ್ಪಿನ ರೂಪದಲ್ಲಿ ಹಿಡಿದಿಟ್ಟರೆ ಅದೇ ಸಲ್ಫೈಟ್. ಸೋಡಿಯಂ ಜೊತೆಗೂಡಿದರೆ ಒಂದು ಹೆಸರು, ಪೊಟ್ಯಾಸಿಯಂ ಜೊತೆಗೂಡಿದರೆ ಇನ್ನೊಂದು. ಹುಳಿ ತಾಗಿದ ಕೂಡಲೇ ಇವೆಲ್ಲವೂ ಒಳಗಿನ ಅನಿಲವನ್ನು ಬಿಟ್ಟುಕೊಡುತ್ತವೆ. ನಿಂಬೆರಸಕ್ಕೆ ಬೆರೆಸಿದಾಗ ಆಗುವುದೂ ಇದೇ, ನಮ್ಮ ಹೊಟ್ಟೆಯ ಆಮ್ಲಕ್ಕೆ ಸೇರಿದಾಗ ಆಗುವುದೂ ಇದೇ. ಈ ಎರಡನೆಯದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗಂಧಕದ ಹೊಗೆಗೆ ಕೊಳೆಯನ್ನು ತಡೆಯುವ ಗುಣವಿದೆ ಎಂದು ಜನ ಕಂಡುಕೊಂಡು ಸಾವಿರಾರು ವರ್ಷಗಳಾದವು. ಗ್ರೀಕರ ಒಡಿಸ್ಸಿ ಕಾವ್ಯದಲ್ಲಿ ನಾಯಕ ತನ್ನ ಮನೆಯಲ್ಲಿ ರಕ್ತ ಹರಿದ ಮೇಲೆ ಗಂಧಕ ಮತ್ತು ಬೆಂಕಿ ತರಿಸಿ ಮನೆಯನ್ನೆಲ್ಲ ಹೊಗೆಯಿಂದ ಶುದ್ಧಿ ಮಾಡಿಸುತ್ತಾನೆ. ಯೂರೋಪಿನ ದ್ರಾಕ್ಷಾರಸದವರು ಮರದ ಪೀಪಾಯಿಗಳೊಳಗೆ ಗಂಧಕ ಸುಟ್ಟು ಆಮೇಲೆ ರಸ ತುಂಬುತ್ತಿದ್ದರು. ವಿಶೇಷವೆಂದರೆ, ಗಂಧಕ ಹಾಕದೇ ಇದ್ದರೂ ವೈನಿನಲ್ಲಿ ಸ್ವಲ್ಪ ಸಲ್ಫೈಟ್ ಇದ್ದೇ ಇರುತ್ತದೆ, ಏಕೆಂದರೆ ಹುದುಗು ಬರಿಸುವ ಯೀಸ್ಟ್ ತಾನೇ ಅದನ್ನು ತಯಾರಿಸುತ್ತದೆ.

ಈ ಪುಡಿ ಆಹಾರದಲ್ಲಿ ಏನು ಮಾಡುತ್ತದೆ? ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದಲ್ಲ, ಬಾಳೆಕಾಯಿಯೂ ಅಷ್ಟೇ. ಕಾಯಿಯೊಳಗಿನ ಒಂದು ಕಿಣ್ವ ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಮಾಡುವ ಕೆಲಸ ಅದು. ಸಲ್ಫೈಟ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ, ಸುತ್ತಲಿನ ಆಮ್ಲಜನಕವನ್ನು ತಾನೇ ಹೀರಿಕೊಳ್ಳುತ್ತದೆ, ಜೊತೆಗೆ ಬೂಸ್ಟು, ಯೀಸ್ಟು, ಬ್ಯಾಕ್ಟೀರಿಯಾಗಳನ್ನು ಬೆಳೆಯಲು ಬಿಡುವುದಿಲ್ಲ. ಬಣ್ಣ ಕಾಯುವುದು, ರುಚಿ ಕಾಯುವುದು, ಕೊಳೆತ ತಡೆಯುವುದು, ಮೂರನ್ನೂ ಅಗ್ಗದಲ್ಲಿ ಮಾಡುವ ಇಂಥ ಇನ್ನೊಂದು ಪುಡಿ ಸಿಗುವುದು ಕಷ್ಟ. ಅದಕ್ಕೇ ಇದು ಇಷ್ಟೊಂದು ಕಡೆ ಇದೆ.

ವಿಜಯಪುರದ ಕಡೆ ಹೋದವರು ದ್ರಾಕ್ಷಿ ಒಣಗಿಸುವ ಶೆಡ್‌ಗಳನ್ನು ನೋಡಿರುತ್ತೀರಿ. ನೆರಳಿನಲ್ಲಿ ಬಲೆ ಕಟ್ಟಿ, ಅಂತಸ್ತು ಅಂತಸ್ತಾಗಿ ಗೊಂಚಲು ಹರಡಿರುತ್ತಾರೆ. ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಅದರಿಂದ ಹಣ್ಣಿನ ಮೇಣದ ಪೊರೆ ಸಡಿಲವಾಗಿ ನೀರು ಬೇಗ ಆರುತ್ತದೆ. ಬಿಸಿಲಿಗೆ ಹಾಕದೆ ಇರುವುದರಿಂದ ಹಸಿರು ಛಾಯೆ ಉಳಿಯುತ್ತದೆ. ಆ ಛಾಯೆ ಇನ್ನೂ ತಿಳಿಯಾಗಿ ಹೊನ್ನಿನ ಬಣ್ಣಕ್ಕೆ ಬರಬೇಕೆಂದರೆ ಗಂಧಕದ ಹೊಗೆ ಕೊಡುತ್ತಾರೆ. ಪಾಯಸಕ್ಕೆ ತುಪ್ಪದಲ್ಲಿ ಹುರಿಯುವಾಗ ಉಬ್ಬುವ ಹಳದಿ ದ್ರಾಕ್ಷಿಗೆ ಆ ಮೈಬಣ್ಣ ಬರುವುದು ಹೀಗೆ. ಗಂಧಕ ಸೋಕದೆ ಬಿಸಿಲಿನಲ್ಲಿ ಒಣಗಿದ ದ್ರಾಕ್ಷಿ ಕಂದು, ಇಲ್ಲವೇ ಕಪ್ಪು. ರುಚಿಗೆ ಕೊರತೆಯೇನೂ ಇಲ್ಲ, ನೋಟಕ್ಕೆ ಮಂಕು. ಆಪ್ರಿಕಾಟ್ ಕೂಡ ಹಾಗೆಯೇ. ಕಿತ್ತಳೆ ಬಣ್ಣದಲ್ಲಿ ಮೆತ್ತಗೆ ಹೊಳೆಯುವುದು ಗಂಧಕ ಕಂಡದ್ದು, ಬೆಲ್ಲದ ಬಣ್ಣಕ್ಕೆ ತಿರುಗಿದ್ದು ಕಾಣದ್ದು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಒಣ ಆಪ್ರಿಕಾಟ್‌ಗೆ ಕಿಲೋಗೆ 2000 ಮಿಲಿಗ್ರಾಂವರೆಗೂ, ಬಿಳುಪಾಗಿಸಿದ ಒಣದ್ರಾಕ್ಷಿಗೆ 1500 ಮಿಲಿಗ್ರಾಂವರೆಗೂ ಒಪ್ಪುತ್ತದೆ. ಆಹಾರಗಳ ಪೈಕಿ ಇವೇ ಎತ್ತರದ ಮಿತಿಗಳು.

ಸಕ್ಕರೆಯನ್ನು ನೋಡಿ. ನಮ್ಮ ದೇಶದ ಬಹುಪಾಲು ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ತಿಳಿ ಮಾಡುವುದು ಸುಣ್ಣ ಮತ್ತು ಗಂಧಕದ ಅನಿಲದಿಂದಲೇ. ಅಂಥ ಸಕ್ಕರೆಯಲ್ಲಿ ಉಳಿಯಬಹುದಾದ ಸಲ್ಫೈಟಿಗೆ ಮಿತಿ ಕಿಲೋಗೆ 70 ಮಿಲಿಗ್ರಾಂ. ಒಂದು ಲೋಟ ಕಾಫಿಗೆ ಹತ್ತು ಗ್ರಾಂ ಸಕ್ಕರೆ ಹಾಕಿದರೂ ಮುಕ್ಕಾಲು ಮಿಲಿಗ್ರಾಂ ದಾಟುವುದಿಲ್ಲ. ಸಲ್ಫೈಟ್ ದೃಷ್ಟಿಯಿಂದ ಸಕ್ಕರೆಗೆ ಹೆದರಬೇಕಾಗಿಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಬೆಲ್ಲದ ಬಗ್ಗೆ. ಮಂಡ್ಯದ ಕಡೆ ಆಲೆಮನೆಗಳಲ್ಲಿ ಕೊಪ್ಪರಿಗೆ ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವ ಪದ್ಧತಿ ಇತ್ತು, ಕೆಲವು ಕಡೆ ಇನ್ನೂ ಇದೆ. ಜೊತೆಗೆ ಸ್ವಲ್ಪ ಸುಣ್ಣ. ಆ ಬೆಲ್ಲ ಕಂದು. ಈಗ ಪೇಟೆಗೆ ಬೇಕಾದದ್ದು ಬಿಳಿಚಿದ ಹಳದಿ ಅಚ್ಚು. ಅದಕ್ಕೆ ಹಾಕುವುದು ಸೋಡಿಯಂ ಹೈಡ್ರೋಸಲ್ಫೈಟ್, ಆಲೆಮನೆಯವರ ಬಾಯಲ್ಲಿ ಬರೀ "ಹೈಡ್ರೋಸ್". ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆಗಳಲ್ಲಿ ಬಳಸುವ ಪುಡಿ ಇದು. ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈ ಆಕ್ಸೈಡಿಗೂ ಕಿಲೋಗೆ 70 ಮಿಲಿಗ್ರಾಂ ಮಿತಿ ಇದೆ. ಆದರೆ ಕುದಿಯುವ ಕೊಪ್ಪರಿಗೆಗೆ ಕೈ ಅಂದಾಜಿನಲ್ಲಿ ಎರಚುವ ಪುಡಿಯನ್ನು ಯಾರು ತೂಗುತ್ತಾರೆ? ಇನ್ನೊಂದು ಸಂಗತಿ: ಹೈಡ್ರೋಸ್ ಕೊಟ್ಟ ಹೊಳಪು ಬಹಳ ದಿನ ನಿಲ್ಲುವುದೂ ಇಲ್ಲ. ಕೆಲವು ವಾರಗಳಲ್ಲಿ ಬೆಲ್ಲ ಮತ್ತೆ ಕಪ್ಪಿಡುತ್ತದೆ. ರೈತರನ್ನು ದೂರಲು ನನಗೆ ಮನಸ್ಸಿಲ್ಲ. ಕಂದು ಬೆಲ್ಲ ತಂದವನಿಗೆ ಕಡಿಮೆ ಬೆಲೆ, ಹೊಳೆಯುವ ಬೆಲ್ಲ ತಂದವನಿಗೆ ಹೆಚ್ಚು ಬೆಲೆ ಎನ್ನುವ ಪೇಟೆಯಲ್ಲಿ ಅವನಾದರೂ ಏನು ಮಾಡಬೇಕು? ಆ ಬೆಲೆ ಕಟ್ಟುವುದು ಕೊಳ್ಳುವ ನಮ್ಮ ಕಣ್ಣು.

ಕರಾವಳಿಯವರಿಗೆ ಸಿಗಡಿಯ ವಿಷಯ ಗೊತ್ತಿರುತ್ತದೆ. ಹಿಡಿದ ಸಿಗಡಿಯ ತಲೆಯ ಬಳಿ, ಚಿಪ್ಪಿನ ಅಂಚಿನಲ್ಲಿ ಕಪ್ಪು ಕಲೆ ಮೂಡದಿರಲಿ ಎಂದು ಮೆಟಾಬೈಸಲ್ಫೈಟ್ ನೀರಿನಲ್ಲಿ ಅದ್ದುವ ಪದ್ಧತಿ ಉಂಟು.

ಈಗ ಲೆಕ್ಕಕ್ಕೆ ಬರೋಣ. ಸ್ಕ್ವಾಷ್‌ಗೆ ನಮ್ಮಲ್ಲಿ ಬಹುಕಾಲದಿಂದ ಪಾಲಿಸುತ್ತ ಬಂದ ಮಿತಿ ಲೀಟರಿಗೆ 350 ಮಿಲಿಗ್ರಾಂ ಸಲ್ಫರ್ ಡೈ ಆಕ್ಸೈಡ್. ಕೆ.ಎಂ.ಎಸ್. ಪುಡಿಯ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ನೂರಕ್ಕೆ 57ರಷ್ಟು, ಆ ಅನಿಲ. ಹಾಗಾಗಿ ಒಂದು ಲೀಟರ್ ಸ್ಕ್ವಾಷ್‌ಗೆ ಹಾಕಬಹುದಾದ ಪುಡಿ 0.6 ಗ್ರಾಂ ಮಾತ್ರ. ಅಡುಗೆ ಪುಸ್ತಕಗಳಲ್ಲಿ "ಕಾಲು ಚಮಚ" ಎಂದು ಬರೆದಿರುವುದನ್ನು ನೋಡಿದ್ದೇನೆ. ಕಾಲು ಟೀ ಚಮಚ ತಲೆಗಟ್ಟಿ ಹಾಕಿದರೆ ಒಂದು ಗ್ರಾಂ ದಾಟುತ್ತದೆ, ಮಿತಿಯ ಎರಡು ಪಾಲು ಆಗುತ್ತದೆ. ಅಂಗಡಿಯ ಚಿನ್ನದ ತಕ್ಕಡಿಯಲ್ಲಾದರೂ ಸರಿ, ಒಮ್ಮೆ ತೂಗಿಸಿ ಪೊಟ್ಟಣ ಕಟ್ಟಿಟ್ಟುಕೊಳ್ಳಿ. ಪುಡಿಯನ್ನು ಬಿಸಿ ಪಾಕಕ್ಕೆ ಹಾಕಬೇಡಿ, ಅನಿಲವೆಲ್ಲ ಹಾರಿ ಅಡುಗೆಮನೆ ತುಂಬುತ್ತದೆ, ಸ್ಕ್ವಾಷ್‌ಗೆ ಏನೂ ಉಳಿಯುವುದಿಲ್ಲ. ಪೂರ್ತಿ ಆರಿದ ಮೇಲೆ, ಚೂರು ನೀರಿನಲ್ಲಿ ಕರಗಿಸಿ, ಕಿಟಕಿ ತೆರೆದಿಟ್ಟು ಬೆರೆಸಿ. ನೇರಳೆ, ಕಪ್ಪು ದ್ರಾಕ್ಷಿ, ದಾಳಿಂಬೆಯಂಥ ಕೆಂಪು ನೇರಳೆ ಬಣ್ಣದ ಹಣ್ಣಿಗೆ ಇದು ಒಗ್ಗುವುದಿಲ್ಲ, ಬಣ್ಣವನ್ನೇ ತಿಂದುಹಾಕುತ್ತದೆ. ಅವಕ್ಕೆ ಸೋಡಿಯಂ ಬೆಂಜೊಯೇಟ್ ಬಳಸುವುದು ರೂಢಿ.

ಮಿತಿಯೊಳಗೇ ಮಾಡಿದ ಈ ಸ್ಕ್ವಾಷ್‌ನ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ 200 ಮಿಲಿಲೀಟರಿನ ಒಂದು ಲೋಟ ಕುಡಿದೆವು ಎನ್ನಿ. ಹೆಚ್ಚೆಂದರೆ ಹದಿನೇಳೂವರೆ ಮಿಲಿಗ್ರಾಂ ಸಲ್ಫರ್ ಡೈ ಆಕ್ಸೈಡ್ ಒಳಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ 1970ರ ದಶಕದಲ್ಲೇ ಒಂದು ಅಳತೆ ಹಾಕಿಕೊಟ್ಟಿತು: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.7 ಮಿಲಿಗ್ರಾಂವರೆಗೆ, ಜೀವನಪೂರ್ತಿ ದಿನವೂ ಸೇವಿಸಿದರೂ ಚಿಂತೆಯಿಲ್ಲ ಎಂದು. 60 ಕಿಲೋ ತೂಗುವವರಿಗೆ 42 ಮಿಲಿಗ್ರಾಂ. ಒಂದು ಲೋಟ ಕುಡಿದರೆ ಇನ್ನೂ ಜಾಗ ಉಳಿಯುತ್ತದೆ. ಆದರೆ 15 ಕಿಲೋ ತೂಗುವ ಮಗುವಿಗೆ ಅದೇ ಲೆಕ್ಕ ಹತ್ತೂವರೆ ಮಿಲಿಗ್ರಾಂ. ಆ ಒಂದೇ ಲೋಟ ಅದನ್ನು ದಾಟಿಸಿಬಿಡುತ್ತದೆ. ಹಾಗೆಂದು ಮಗುವಿಗೆ ಅವತ್ತೇ ಏನೋ ಆಗಿಬಿಡುತ್ತದೆ ಎಂದಲ್ಲ. ಇದು ದಿನನಿತ್ಯದ ಅಳತೆ, ವಿಷದ ಗೆರೆಯಲ್ಲ, ಬಾಟಲಿಯಲ್ಲಿ ಇಟ್ಟಷ್ಟು ದಿನ ಪ್ರಮಾಣ ಇಳಿಯುತ್ತಲೂ ಹೋಗುತ್ತದೆ. ಆದರೂ ಬೇಸಿಗೆ ರಜೆಯಲ್ಲಿ ದಿನಕ್ಕೆ ಮೂರು ಲೋಟ ಕುಡಿಯುವ ಮಕ್ಕಳನ್ನು ನಾನು ನೋಡಿದ್ದೇನೆ. ಅಂಥ ಮಕ್ಕಳಿಗೆ ಆಗಲೇ ಹಿಂಡಿದ ನಿಂಬೆಹಣ್ಣಿನ ಪಾನಕವೇ ಸಾಕು. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ತನ್ನ ತಾತ್ಕಾಲಿಕ ಮಿತಿಯಾಗಿದ್ದ ಈ 0.7ನ್ನು ಹಿಂತೆಗೆದುಕೊಂಡಿತು. ವಿಷಗುಣದ ಅಧ್ಯಯನಗಳು ಸಾಲವು, ಹೆಚ್ಚು ಸೇವಿಸುವವರ ವಿಷಯದಲ್ಲಿ ಕಳವಳ ಉಂಟು ಎಂದು ಅದು ಹೇಳಿತು.

ಹಾಗಾದರೆ ನಮ್ಮಲ್ಲಿ ಹೆಚ್ಚಿನವರಿಗೆ ಇದು ಏಕೆ ಏನೂ ಮಾಡುವುದಿಲ್ಲ? ನಮ್ಮ ದೇಹವೇ ದಿನವೂ ಸಲ್ಫೈಟ್ ತಯಾರಿಸುತ್ತದೆ. ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನಿನಲ್ಲಿ ಗಂಧಕ ಇರುವ ಅಂಶಗಳಿವೆ. ಅವು ಒಡೆಯುವಾಗ ಸಲ್ಫೈಟ್ ಹುಟ್ಟುತ್ತದೆ, ಪಿತ್ತಜನಕಾಂಗದಲ್ಲಿ ಹೇರಳವಾಗಿರುವ ಸಲ್ಫೈಟ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ತಕ್ಷಣ ಸಲ್ಫೇಟ್ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಮಾಲಿಬ್ಡಿನಂ ಎಂಬ ಲೋಹ ಕಣದಷ್ಟು ಇಲ್ಲದೆ ಹೋದರೆ ಆ ಕಿಣ್ವ ಕೆಲಸ ಮಾಡುವುದಿಲ್ಲ. ಹುಟ್ಟಿನಿಂದಲೇ ಈ ಕಿಣ್ವವಿಲ್ಲದ ಶಿಶುಗಳು ಅತಿ ವಿರಳವಾಗಿ ಕಾಣಸಿಗುತ್ತವೆ. ಅವುಗಳ ಮೆದುಳಿಗೆ ಆಗುವ ಹಾನಿ ಘೋರ. ಸಲ್ಫೈಟನ್ನು ಸಲ್ಫೇಟ್ ಆಗಿ ಬದಲಿಸುವ ಆ ಒಂದು ಆಮ್ಲಜನಕದ ಪರಮಾಣುವಿಗೆ ಎಷ್ಟು ಬೆಲೆಯಿದೆ ಎಂದು ಇದರಿಂದಲೇ ತಿಳಿಯುತ್ತದೆ.

ಉಬ್ಬಸ ಇರುವವರ ಕಷ್ಟ ಬೇರೆ ದಾರಿಯದು. ಸ್ಕ್ವಾಷ್ ನುಂಗುವಾಗಲೇ ಬಾಯಿಯಲ್ಲಿ, ಆಮೇಲೆ ಹೊಟ್ಟೆಯ ಆಮ್ಲದಲ್ಲಿ ಅನಿಲ ಬಿಡುಗಡೆಯಾಗುತ್ತದೆ ಎಂದೆನಲ್ಲ, ಅದು ತೇಗಿನೊಂದಿಗೆ ಮೇಲೆ ಬಂದು ಉಸಿರಿನ ಜೊತೆ ಒಳಗೆಳೆಯಲ್ಪಡುತ್ತದೆ. ಮೊದಲೇ ಕೆರಳಿ ಕುಳಿತಿರುವ ಶ್ವಾಸನಾಳ ಕೂಡಲೇ ಬಿಗಿದುಕೊಳ್ಳುತ್ತದೆ. ಕೆಲವು ನಿಮಿಷಗಳಲ್ಲೇ ಕೆಮ್ಮು, ಎದೆಬಿಗಿತ, ಸುಂಯ್‌ಗುಡುವ ಉಸಿರು. ಅಪರೂಪಕ್ಕೆ ಕೆಲವರಿಗೆ ಮೈಯೆಲ್ಲ ದದ್ದು, ರಕ್ತದೊತ್ತಡ ಕುಸಿಯುವಂಥ ನಿಜವಾದ ಅಲರ್ಜಿಯೂ ಆಗುವುದುಂಟು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 203 ಉಬ್ಬಸ ರೋಗಿಗಳನ್ನು ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಲ್ಫೈಟ್ ಆಗದವರು ಉಬ್ಬಸದವರಲ್ಲಿ ನೂರಕ್ಕೆ ಸುಮಾರು ನಾಲ್ವರು. ಸ್ಟೀರಾಯ್ಡ್ ಇಲ್ಲದೆ ನಡೆಯದಷ್ಟು ಜೋರು ಉಬ್ಬಸ ಇರುವವರಲ್ಲಿ ಎಂಟರಷ್ಟು. ನಾಲ್ಕು ಎಂದರೆ ಸಣ್ಣ ಸಂಖ್ಯೆಯೇ. ಆದರೆ ಆ ನಾಲ್ವರಲ್ಲಿ ಒಬ್ಬಳು ಜಗಲಿಯ ಮೇಲೆ ಕುಳಿತು ಉಸಿರಿಗಾಗಿ ಒದ್ದಾಡುವುದನ್ನು ನೋಡಿದವಳಿಗೆ ಸಂಖ್ಯೆ ಸಮಾಧಾನ ಕೊಡುವುದಿಲ್ಲ.

ಜಗತ್ತು ಇದನ್ನು ಅರಿತದ್ದೂ ಕಹಿ ಅನುಭವದಿಂದಲೇ. 1980ರ ಹೊತ್ತಿಗೆ ಅಮೆರಿಕದ ಹೋಟೆಲುಗಳಲ್ಲಿ ಸಲಾಡ್ ಬಾರ್‌ಗಳು ಎಲ್ಲೆಲ್ಲೂ ಇದ್ದವು. ಹೆಚ್ಚಿಟ್ಟ ಸೊಪ್ಪು ತರಕಾರಿ ಬೆಳಿಗ್ಗೆಯಿಂದ ರಾತ್ರಿವರೆಗೆ ಆಗ ತಾನೇ ಕಿತ್ತಂತೆ ಕಾಣಲಿ ಎಂದು ಸಲ್ಫೈಟ್ ನೀರು ಚಿಮುಕಿಸುತ್ತಿದ್ದರು. ತಿನ್ನುವವರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಉಬ್ಬಸದವರು ಊಟದ ಮೇಜಿನಲ್ಲೇ ಕುಸಿದ ಪ್ರಕರಣಗಳು ಬಂದವು, ಸಾವುಗಳೂ ವರದಿಯಾದವು. 1986ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಸಲ್ಫೈಟನ್ನು ನಿಷೇಧಿಸಿತು. ಪೊಟ್ಟಣದ ಆಹಾರದಲ್ಲಿ ಕಿಲೋಗೆ 10 ಮಿಲಿಗ್ರಾಂ ಮುಟ್ಟಿದರೆ ಲೇಬಲ್ ಮೇಲೆ ಬರೆಯಲೇಬೇಕು ಎಂದೂ ವಿಧಿಸಿತು. ಗಮನಿಸಿ, ಪುಡಿಯನ್ನೇ ಪೂರ್ತಿ ನಿಷೇಧಿಸಲಿಲ್ಲ, ಕಾಣದಂತೆ ಬಳಸುವುದನ್ನು ನಿಲ್ಲಿಸಿದರು. ಅದು ಸರಿಯಾದ ದಾರಿ ಎಂದು ನಾನು ನಂಬುತ್ತೇನೆ. ನಮ್ಮ ದೇಶದ ಲೇಬಲ್ ನಿಯಮಗಳೂ ಈಗ ಅದೇ 10 ಮಿಲಿಗ್ರಾಂ ಗೆರೆ ಎಳೆದು ಸಲ್ಫೈಟನ್ನು ಕಡಲೆಕಾಯಿ, ಹಾಲು, ಮೊಟ್ಟೆಗಳ ಸಾಲಿನಲ್ಲಿ, ಅಲರ್ಜಿಯ ವಸ್ತುಗಳ ಪಟ್ಟಿಯಲ್ಲಿ ಸೇರಿಸಿವೆ.

ಒಂದು ಕಡೆ ಮಾತ್ರ ಸಲ್ಫೈಟ್ ಯಾರಿಗೂ ಸಲ್ಲದು, ಮಾಂಸದಲ್ಲಿ. ಹಳಸುತ್ತಿರುವ ಮಾಂಸಕ್ಕೆ ಚಿಮುಕಿಸಿದರೆ ಅದು ಮತ್ತೆ ಕೆಂಪಗೆ ತಾಜಾ ಕಾಣುತ್ತದೆ, ಕೊಳ್ಳುವವರಿಗೆ ಮೋಸವಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಅದು ಬಿ1 ಜೀವಸತ್ವವನ್ನು ಸೀಳಿ ನಾಶಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಸಲ್ಫೈಟ್ ಹಾಕಿದ ಮಾಂಸವನ್ನೇ ತಿಂದ ಸಾಕುನಾಯಿ, ಬೆಕ್ಕುಗಳು ಬಿ1 ಕೊರತೆಯಿಂದ ಕಾಯಿಲೆ ಬಿದ್ದದ್ದನ್ನು ಪಶುವೈದ್ಯರು ದಾಖಲಿಸಿದ್ದಾರೆ.

ಇದೇ ಸೀಳುವ ಗುಣದಿಂದ ಒಂದು ದೊಡ್ಡ ಉಪಕಾರವೂ ಆಯಿತು. ರಾಬರ್ಟ್ ವಿಲಿಯಮ್ಸ್ ಎಂಬ ರಸಾಯನ ವಿಜ್ಞಾನಿ ಹುಟ್ಟಿದ್ದು 1886ರಲ್ಲಿ, ನಮ್ಮ ಪಕ್ಕದ ನೆಲ್ಲೂರಿನಲ್ಲಿ. ತಂದೆತಾಯಿ ಅಮೆರಿಕದಿಂದ ಬಂದ ಮಿಷನರಿಗಳು. ತರುಣನಾಗಿ ಮನಿಲಾದಲ್ಲಿದ್ದಾಗ ಬೆರಿಬೆರಿ ಕಾಯಿಲೆಯಿಂದ ಸಾಯುತ್ತಿದ್ದ ಹಸುಗೂಸಿಗೆ ಅಕ್ಕಿ ತೌಡಿನಿಂದ ತೆಗೆದ ರಸ ಕುಡಿಸಿದಾಗ ಅದು ಬದುಕಿದ್ದನ್ನು ಕಂಡರು. ತೌಡಿನಲ್ಲಿ ಇರುವುದೇನು ಎಂದು ತಿಳಿಯುವುದೇ ಅಂದಿನಿಂದ ಅವರ ಬಾಳಿನ ಹಂಬಲವಾಯಿತು. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತ, ಬಿಡುವಿನಲ್ಲಿ ಇದನ್ನೇ ಹಿಡಿದು ಕಾಲು ಶತಮಾನ ಕಳೆದರು. ಕೊನೆಗೆ ಬಿ1ನ ಶುದ್ಧ ಹರಳುಗಳು ಕೈಗೆ ಬಂದರೂ ಅದರ ಒಳರಚನೆ ಬಗೆಹರಿಯಲಿಲ್ಲ. 1935ರಲ್ಲಿ ಆ ಗಂಟನ್ನು ಬಿಡಿಸಿದ್ದು ಸಲ್ಫೈಟ್. ಅದು ಬಿ1ನ್ನು ನೀಟಾಗಿ ಎರಡು ಹೋಳು ಮಾಡಿತು. ಒಂದೊಂದು ಹೋಳನ್ನೂ ಬೇರೆ ಬೇರೆಯಾಗಿ ಓದಿ, 1936ರಲ್ಲಿ ಅವರ ತಂಡ ಇಡೀ ಜೀವಸತ್ವವನ್ನು ಪ್ರಯೋಗಾಲಯದಲ್ಲೇ ಕಟ್ಟಿತು. ಈವತ್ತು ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಬಿ ಕಾಂಪ್ಲೆಕ್ಸ್ ಮಾತ್ರೆಯ ಹಿಂದೆ ಆ ಶ್ರಮವಿದೆ. ಮಾಂಸದಲ್ಲಿ ಕೇಡು ಮಾಡುವ ಗುಣವೇ ಅಲ್ಲಿ ಕೀಲಿಕೈಯಾಯಿತು.

ಔಷಧಿಯ ಮಾತು ಬಂತು. ನನ್ನ ತಮ್ಮ ಅರಿವಳಿಕೆ ವೈದ್ಯ. ಆ ತರಗತಿಯ ಸಂಗತಿಯನ್ನು ಅವನಿಗೆ ಹೇಳಿದಾಗ, "ಅಕ್ಕಾ, ನಿನ್ನ ಡಬ್ಬೀಲಿರೋ ಪುಡಿಯ ದಾಯಾದಿ ನನ್ನ ಇಂಜೆಕ್ಷನ್ ಪೆಟ್ಟಿಗೇಲೂ ಇದೆ" ಎಂದ. ನನಗೆ ಅದು ಹೊಸದು. ಅಡ್ರಿನಲಿನ್ ಎಂಬ ಔಷಧಿ ಗಾಳಿ ಬೆಳಕು ತಾಗಿದರೆ ಗುಲಾಬಿಯಾಗಿ, ಆಮೇಲೆ ಕಂದಾಗಿ ಕೆಡುತ್ತದೆ. ಹೆಚ್ಚಿದ ಬದನೆಕಾಯಿಯ ಕಥೆಯೇ. ಅದಕ್ಕೆ ಅದರ ಆಂಪೂಲಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಸೇರಿಸಿರುತ್ತಾರೆ. ರಕ್ತದೊತ್ತಡ ಕುಸಿದಾಗ ಕೊಡುವ ಡೋಪಮಿನ್, ನಾರ್‌ಅಡ್ರಿನಲಿನ್‌ಗಳಲ್ಲೂ, ಕೆಲವು ಆಂಟಿಬಯಾಟಿಕ್ ಇಂಜೆಕ್ಷನ್‌ಗಳಲ್ಲೂ ಅದು ಇರುತ್ತದೆ. ಹಲ್ಲು ಕೀಳುವ ಮುಂಚೆ ದಂತವೈದ್ಯರು ವಸಡಿಗೆ ಚುಚ್ಚುವ ಮರಗಟ್ಟಿಸುವ ಔಷಧಿಯಲ್ಲಿ ಅಡ್ರಿನಲಿನ್ ಕೂಡಿದ್ದರೆ ಅಲ್ಲೂ ಇದೆ, ಕೂಡಿಲ್ಲದ್ದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಿಂದೆ ಉಬ್ಬಸಕ್ಕೆಂದೇ ಯಂತ್ರದಲ್ಲಿ ಆವಿ ಮಾಡಿ ಎಳೆದುಕೊಳ್ಳುವ ಕೆಲವು ದ್ರಾವಣಗಳಿಗೂ ಇದನ್ನು ಸೇರಿಸುತ್ತಿದ್ದರು. ಉಸಿರು ಬಿಡಿಸಬೇಕಾದ ಔಷಧಿಯೇ ಕೆಲವರ ಉಸಿರು ಕಟ್ಟಿಸಿದ್ದು ವೈದ್ಯರ ಗಮನಕ್ಕೆ ಬಂದ ಮೇಲೆ ಎಚ್ಚರ ಹೆಚ್ಚಿತು.

"ಹಾಗಾದ್ರೆ ಸಲ್ಫೈಟ್ ಆಗದವರಿಗೆ ಅಡ್ರಿನಲಿನ್ ಕೊಡಬಾರದೇನೋ?" ಎಂದೆ.

"ಕೊಡಲೇಬೇಕು ಅಕ್ಕಾ" ಎಂದ. "ಅಲರ್ಜಿಯಿಂದ ಉಸಿರು ನಿಲ್ತಾ ಇದ್ರೆ, ಬಿಪಿ ಬಿದ್ದುಹೋಗ್ತಾ ಇದ್ರೆ, ಜೀವ ಉಳಿಸೋದು ಅದೊಂದೇ. ಅದರಲ್ಲಿರೋ ಚೂರು ಸಲ್ಫೈಟ್‌ಗೆ ಹೆದರಿ ಕೈ ಕಟ್ಟಿ ಕೂತ್ರೆ ಮನುಷ್ಯ ಹೋಗಿಬಿಡ್ತಾನೆ."

ಅಮೆರಿಕದ ನಿಯಮವೂ ಹಾಗೆಯೇ ಇದೆ. ಸಲ್ಫೈಟ್ ಇರುವ ಬೇರೆ ಔಷಧಿಗಳ ಮೇಲೆ ಎಚ್ಚರಿಕೆಯ ಮಾತು ಅಚ್ಚು ಹಾಕಬೇಕು, ತುರ್ತಿಗೆ ಬಳಸುವ ಅಡ್ರಿನಲಿನ್ ಮೇಲೆ ಮಾತ್ರ, ಸಲ್ಫೈಟ್ ಇದೆ ಎಂಬ ಕಾರಣಕ್ಕೆ ಇದನ್ನು ಕೊಡದೆ ಇರಬೇಡಿ ಎಂಬ ಮಾತು ಸೇರಿಸಬೇಕು. ಈ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಅರ್ಧ ತಿಳಿದು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬೇಡ ಎಂದು ಜಗಳಕ್ಕೆ ನಿಲ್ಲುವ ಬಂಧುಗಳಿರುತ್ತಾರೆ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. "ನನಗೆ ಸಲ್ಫಾ ಆಗಲ್ಲ, ಹಾಗಾದ್ರೆ ಒಣದ್ರಾಕ್ಷಿ ತಿನ್ನಬಹುದಾ?" ಎಂದು ಕೇಳುವವರು ಬಹಳ. ಸಲ್ಫಾ ಮಾತ್ರೆ ಎಂದರೆ ಕೋಟ್ರೈಮಾಕ್ಸಜೋಲ್‌ನಂಥ ಸೋಂಕಿನ ಔಷಧಿ. ಅದಕ್ಕೂ ಸಲ್ಫೈಟಿಗೂ ಸಂಬಂಧವಿಲ್ಲ, ಒಂದು ಆಗದವರಿಗೆ ಇನ್ನೊಂದೂ ಆಗಬಾರದು ಎಂದೇನಿಲ್ಲ. ಸಲ್ಫೇಟ್ ಮತ್ತೂ ಬೇರೆ. ಅಡಿಕೆ ತೋಟಕ್ಕೆ ಹೊಡೆಯುವ ಮೈಲುತುತ್ತ ತಾಮ್ರದ ಸಲ್ಫೇಟ್, ಬಸುರಿಯರು ನುಂಗುವ ಕಬ್ಬಿಣದ ಮಾತ್ರೆ ಹೆಚ್ಚಾಗಿ ಕಬ್ಬಿಣದ ಸಲ್ಫೇಟ್. ಉಬ್ಬಸದವರ ಪಂಪಿನ ಡಬ್ಬಿಯ ಮೇಲೆ "ಸಾಲ್ಬುಟಮಾಲ್ ಸಲ್ಫೇಟ್" ಎಂದು ಇರಬಹುದು. ಅದನ್ನು ಓದಿ ಗಾಬರಿಯಾಗಿ ಪಂಪು ಬಿಟ್ಟುಬಿಡಬೇಡಿ, ಅದರಲ್ಲಿ ಸಲ್ಫೈಟ್ ಇಲ್ಲ.

ಲೇಬಲ್ ಓದುವುದು ಕಷ್ಟವೇನಲ್ಲ. ಸಣ್ಣ ಅಕ್ಷರದಲ್ಲಿ 220ರಿಂದ 228ರವರೆಗಿನ ಯಾವುದೇ ಅಂಕಿ ಕಂಡರೆ ಅದು ಸಲ್ಫೈಟ್. ನಮ್ಮ ಕೆ.ಎಂ.ಎಸ್. 224. "ಕ್ಲಾಸ್ ಟು ಪ್ರಿಸರ್ವೇಟಿವ್" ಎಂಬ ಮಾತಿನ ಪಕ್ಕದಲ್ಲಿ ಹುಡುಕಿ. ಉಪ್ಪು, ಸಕ್ಕರೆ, ವಿನಿಗರ್‌ಗಳು ಒಂದನೆಯ ವರ್ಗದವು, ಇವು ಎರಡನೆಯವು. ತೊಂದರೆ ಇರುವುದು ಲೇಬಲ್ಲೇ ಇಲ್ಲದ ಕಡೆ: ಗೋಣಿಚೀಲದಿಂದ ಮೊಗೆದು ಕೊಡುವ ಒಣದ್ರಾಕ್ಷಿ, ಬಾಳೆಲೆಯಲ್ಲಿ ಸುತ್ತಿದ ಬೆಲ್ಲ, ಜಾತ್ರೆಯ ಬಣ್ಣದ ಪಾನಕ, ಮದುವೆಮನೆಯ ಸ್ವಾಗತದ ಲೋಟ. ಬಿಸಿನೀರಿನಲ್ಲಿ ನೆನೆಸಿ ತೊಳೆದರೆ ದ್ರಾಕ್ಷಿಯ ಸಲ್ಫೈಟ್ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಒಮ್ಮೆ ಉಸಿರು ಕಟ್ಟಿದವರು ಆ ತೊಳೆಯುವಿಕೆಯನ್ನು ನಂಬಬಾರದು, ಕಪ್ಪು ದ್ರಾಕ್ಷಿಯನ್ನೇ ಹುಡುಕಬೇಕು. ನಿಜವಾಗಿ ಸಲ್ಫೈಟೇ ಕಾರಣವೋ ಅಲ್ಲವೋ ಎಂದು ಮನೆಯಲ್ಲಿ ತಿಂದು ಪರೀಕ್ಷಿಸುವ ಸಾಹಸ ಬೇಡ. ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ಮಾಡುವ ಪರೀಕ್ಷೆ ಅದು. ಖಚಿತವಾದ ಮೇಲೆ ಪರ್ಸಿನಲ್ಲೊಂದು ಚೀಟಿ ಇಟ್ಟುಕೊಂಡು ದಂತವೈದ್ಯರಿಗೂ ತೋರಿಸಿ.

ಆ ಹೆಣ್ಣುಮಗಳು ತರಬೇತಿ ಬಿಟ್ಟುಹೋಗಲಿಲ್ಲ. ಮರುದಿನ ಬಂದಳು, ಬಾಗಿಲ ಹತ್ತಿರ ಕುಳಿತಳು. ಪುಡಿ ಹಾಕದೆ, ಬಾಟಲಿಗಳನ್ನು ಕುದಿನೀರಿನಲ್ಲಿ ಇಟ್ಟು ಕಾಯಿಸಿ ಮುಚ್ಚುವ ವಿಧಾನವನ್ನು ಅವಳಿಗೆ ಬೇರೆಯಾಗಿ ಹೇಳಿಕೊಟ್ಟೆ. ತೆರೆದ ಬಾಟಲಿಯನ್ನು ಬೇಗ ಮುಗಿಸಬೇಕು, ಅಷ್ಟೇ. ಅಲ್ಲಿಂದಾಚೆಗೆ ಪುಡಿ ತೂಗುವ ಮೇಜನ್ನು ನಾನು ಜಗಲಿಗೆ ಹಾಕಿಸತೊಡಗಿದೆ. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುವ ಮೊದಲು ಪ್ರತಿ ತಂಡವನ್ನೂ ಕೇಳುತ್ತೇನೆ, "ಯಾರಿಗಾದ್ರೂ ಉಬ್ಬಸ ಇದೆಯೇನ್ರಮ್ಮ?" ಒಂದು ಕ್ಷಣ ಯಾರೂ ಮಾತಾಡುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಹಿಂದಿನ ಸಾಲಿನಲ್ಲಿ ಒಂದು ಕೈ ಮೆಲ್ಲಗೆ ಮೇಲೇಳುತ್ತದೆ. ಕೆಲವು ಸಲ ಎರಡು.